ಎರೆಸೀಮೆಯ ಭಜಿ, ಬೆಲ್ಲದ ಗಿರಮಿಟ್ಟು

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳನ್ನು ಒಂದೇ ದಿನದಲ್ಲಿ ಸುತ್ತಿ ಬರಬಹುದು. ಮೂರೂ ಈಗ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಬಾದಾಮಿ, ಪಟ್ಟದಕಲ್ಲು ನೋಡುವ ಅವಸರದಲ್ಲಿರುವ ಪ್ರವಾಸಿಗರು ಇವುಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಆದರೆ ಸಂಜೆ ನಾಲ್ಕರ ಸುಮಾರಿಗೆ ಬಸ್ಸು ಇಳಿದವರಿಗೆ ಹಾಗೆ ಸಾಗುವುದು ಸುಲಭವಲ್ಲ. ನಿಲ್ದಾಣದ ಎದುರಿನ ಬಾಣಲೆಯಲ್ಲಿ ಮಿರ್ಚಿ ಭಜಿ ಏಳುತ್ತಿರುತ್ತದೆ. ಪಕ್ಕದಲ್ಲಿ ಗಿರಮಿಟ್ಟು ಕಲಸುವ ಸೌಟಿನ ಸದ್ದು ಕೇಳುತ್ತಿರುತ್ತದೆ.

ಈ ಜೋಡಿ ನಮ್ಮ ಭಾಗದ ಔತಣದ ಮುನ್ನುಡಿ. ನಿಶ್ಚಯ, ತೊಟ್ಟಿಲು, ಗೃಹಪ್ರವೇಶ, ಯಾವುದೇ ಇರಲಿ, ಬೀಗರು ಬಂದು ಕೈಕಾಲು ತೊಳೆದು ಕುಳಿತ ಮೇಲೆ ಮೊದಲು ಬರುವುದು ಭಜಿ ಮತ್ತು ಗಿರಮಿಟ್ಟು. ಊಟದ ಮಾತು ಆಮೇಲೆ. ಪಶ್ಚಿಮದ ದೇಶಗಳಲ್ಲಿಯೂ ಇಂಥ ಪದ್ಧತಿ ಇದೆ. ಅಲ್ಲಿ ಒಣದ್ರಾಕ್ಷಿಯಂಥ ಸಿಹಿ ಹಣ್ಣನ್ನು ಉಪ್ಪು ಹಾಕಿದ ಹಂದಿಮಾಂಸದ ತೆಳು ಪಟ್ಟಿಯಲ್ಲಿ ಸುತ್ತಿ, ಬೇಯಿಸಿ, ಔತಣಕ್ಕೆ ಮುಂಚೆ ಕೊಡುತ್ತಾರೆ. ಅದಕ್ಕೆ 'ಕುದುರೆಯೇರಿದ ದೆವ್ವಗಳು' ಎಂಬ ಅರ್ಥದ ತಮಾಷೆಯ ಹೆಸರೂ ಇದೆ. ಒಳಗೊಂದು ರುಚಿ, ಹೊರಗೊಂದು ರುಚಿ ಎಂಬುದೇ ಅದರ ಗುಟ್ಟು. ನಮ್ಮವರು ಅದೇ ಗುಟ್ಟನ್ನು ಮೆಣಸಿನಕಾಯಿ ಮತ್ತು ಕಡಲೆಹಿಟ್ಟಿನಲ್ಲಿ ಸಾಧಿಸಿದ್ದಾರೆ. ಸಿಹಿಯ ಪಾಲನ್ನು ಹುಣಸೆ, ಬೆಲ್ಲ ನೋಡಿಕೊಳ್ಳುತ್ತವೆ.

ಮೊದಲು ಹೊರಗಿನ ಹೊದಿಕೆಯ ವಿಚಾರ. ಗದಗಿನಿಂದ ರೋಣದ ಹಾದಿ ಹಿಡಿದರೆ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಬೇಸಿಗೆಯಲ್ಲಿ ಈ ನೆಲ ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ, ಬಿರುಕು ಮುಚ್ಚಿಕೊಂಡು, ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿರುವ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ಹಾಳೆಗಳ ನಡುವೆ ನೀರು ಸೇರುವುದೇ ಇದಕ್ಕೆ ಕಾರಣ. ಹಿಂಗಾರಿಯಲ್ಲಿ ಬಿತ್ತಿದ ಕಡಲೆ ಆ ಹಸಿಯನ್ನೇ ಉಂಡು ಬೆಳೆಯುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಆದ್ದರಿಂದ ಗೊಬ್ಬರದ ಹಂಗೂ ಕಡಿಮೆ.

ಚಳಿಗಾಲದ ಬೆಳಗಿನಲ್ಲಿ ಕಡಲೆ ಹೊಲದ ಬದುವಿನ ಮೇಲೆ ನಡೆದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಗಿಡ ಸವರಿದ ಬೆರಳು ನಾಲಿಗೆಗೆ ತಾಕಿದರೆ ಹುಳಿ! ಎಲೆಯ ಸಣ್ಣ ರೋಮಗಳು ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಇಬ್ಬನಿಯಲ್ಲಿ ಅದು ಕರಗಿರುತ್ತದೆ. ಹಿಂದಿನವರು ನಸುಕಿನಲ್ಲಿ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ನೆನೆದ ಮೇಲೆ ಹಿಂಡಿ 'ಕಡಲೆಹುಳಿ' ಸಂಗ್ರಹಿಸುತ್ತಿದ್ದರು. ಹೊಟ್ಟೆನೋವಿಗೆ ಅದು ಮನೆಮದ್ದಾಗಿತ್ತು.

ಒಳಗಿನ ಮೆಣಸಿನಕಾಯಿ ಮಾತ್ರ ನಮ್ಮ ನಾಡಿನ ಮೂಲದ್ದಲ್ಲ. ಅದು ಅಮೆರಿಕ ಖಂಡದ ಬೆಳೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂತು. ಗೋವೆಯಿಂದ ಘಟ್ಟ ಹತ್ತಿದರೆ ನಮ್ಮ ಸೀಮೆ. ಹೀಗೆ ಬಂದ ಅತಿಥಿ ಇಂದು ಮನೆಯ ಯಜಮಾನನೇ ಆಗಿದ್ದಾನೆ. ಭಜಿಗೆ ಬಳಸುವುದು ಉದ್ದನೆಯ, ತಿಳಿಹಸಿರು ಬಣ್ಣದ, ಖಾರ ಕಡಿಮೆಯಿರುವ ಕಾಯಿ. ಖಾರವೆಲ್ಲ ಬೀಜದಲ್ಲಿದೆ ಎಂದು ಬಹಳ ಮಂದಿ ನಂಬಿದ್ದಾರೆ. ನಿಜವಾಗಿ ಖಾರದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಅದು ತಾಗಿದ್ದರಿಂದ ಖಾರ ಹತ್ತಿರುತ್ತದೆ, ಅಷ್ಟೆ. ಖಾರ ಎಂಬುದು ಉಪ್ಪು, ಹುಳಿ, ಸಿಹಿಗಳಂತೆ ರುಚಿಯೂ ಅಲ್ಲ, ಅದೊಂದು ಉರಿ. ಬಿಸಿ ತಾಕಿದಾಗ ಎಚ್ಚರಗೊಳ್ಳುವ ನರದ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೂಡ ಎಬ್ಬಿಸುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವವರು ಸೂಡಿಯಲ್ಲಿ ಇಳಿಯದೆ ಹೋಗಬಾರದು. ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ, ಕೆತ್ತನೆಯ ಗೋಡೆಗಳುಳ್ಳ ನಾಗಕುಂಡ ಅಲ್ಲಿವೆ. ರಾಜಕುಮಾರಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನಲ್ಲಿ ಸೂಡಿಗೆ ದೊಡ್ಡ ಸ್ಥಾನವಿತ್ತು. ಗಜೇಂದ್ರಗಡದ್ದು ಬೇರೆಯೇ ನೋಟ. ಎರೆಯ ಬಯಲಿನಿಂದ ಒಮ್ಮೆಲೇ ಗುಡ್ಡ ಏಳುತ್ತದೆ. ಮೇಲೆ ಕೋಟೆ, ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಮರಾಠರು ಮತ್ತು ಟಿಪ್ಪು ಸುಲ್ತಾನನ ನಡುವೆ 1787ರಲ್ಲಿ ಆದ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ. ಹತ್ತಿರದ ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲು ಹತ್ತಿ ಹೋಗಿ, ಬಂಡೆಯ ಸಂದಿನಿಂದ ಇಳಿಯುವ ಅಂತರಗಂಗೆ ನೋಡಿ ಕೆಳಗೆ ಬರುವಷ್ಟರಲ್ಲಿ ಹಸಿವು ತಾನಾಗಿಯೇ ಹೆಚ್ಚಿರುತ್ತದೆ. ಊರಿನ ಪೇಟೆಗೆ ಮರಳಿ ಒಂದು ಪ್ಲೇಟು ಗಿರಮಿಟ್ಟು ಹೇಳಬೇಕಾದದ್ದು ಆಗಲೇ.

ನರಗುಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನೇಣುಗಂಬ ಏರಿದ ಬಾಬಾಸಾಹೇಬ ಭಾವೆಯ ಊರಿದು. ಆದರೆ ಈಗಿನ ತಲೆಮಾರಿಗೆ ನರಗುಂದ ಎಂದರೆ ಮೊದಲು ನೆನಪಾಗುವುದು 1980ರ ಜುಲೈ 21. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ಮೇಲೆ, ನೀರು ಸರಿಯಾಗಿ ತಲುಪದ ಹೊಲಗಳ ಮೇಲೂ ಸರ್ಕಾರ ಅಭಿವೃದ್ಧಿ ಕರ ಹಾಕಿತು ಎಂದು ರೈತರು ಎದ್ದರು. ಅಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಮಡಿದ ಈರಪ್ಪ ಕಡ್ಲಿಕೊಪ್ಪ ಅವರ ವೀರಗಲ್ಲಿಗೆ ಪ್ರತಿ ವರ್ಷ ಆ ದಿನ ಜನ ಸೇರುತ್ತಾರೆ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಧರಣಿ ಕುಳಿತದ್ದೂ ಇದೇ ಊರಿನಲ್ಲಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕ ಪಾಲು 3.9 ಟಿಎಂಸಿ.

ಭಜಿಯ ಮಾತಿನಲ್ಲಿ ಇದೇಕೆ ಬಂತು ಎಂದು ಓದುಗರು ಕೇಳಬಹುದು. ತಟ್ಟೆಯನ್ನೊಮ್ಮೆ ನೋಡಿ. ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ, ಕರಿಯಲು ಶೇಂಗಾ ಎಣ್ಣೆ. ಇವೆಲ್ಲ ಈ ಸೀಮೆಯ ಹೊಲಗಳಲ್ಲೇ ಬೆಳೆಯುವಂಥವು. ಹೊರಗಿನಿಂದ ಬರುವುದು ಮುಖ್ಯವಾಗಿ ಚುರಮರಿ ಮತ್ತು ಬೆಲ್ಲ. ಕಡಲೆ ನೆಲದ ಹಸಿಯಲ್ಲೇ ಬದುಕಿಕೊಂಡೀತು. ಮೆಣಸಿನಕಾಯಿ, ಉಳ್ಳಾಗಡ್ಡಿಗೆ ಮಳೆ ಕೈಕೊಟ್ಟ ವರ್ಷ ಕಾಲುವೆಯೇ ಗತಿ. ಕಾಲುವೆಯ ಕೊನೆಯ ಹೊಲದವನಿಗೆ ನೀರು ಮುಟ್ಟದಿದ್ದರೆ ತಟ್ಟೆಯ ಅರ್ಧ ಭಾಗ ಖಾಲಿ. ಬಂದವರಿಗೆ ಬಿಸಿ ಭಜಿ ಕೊಡುವ ನಮ್ಮ ಹೆಮ್ಮೆ ನಿಂತಿರುವುದು ಅವನ ಬೆವರಿನ ಮೇಲೆ.

ಈಗ ಮನೆಯಲ್ಲಿ ಮಾಡುವ ಬಗೆ. ಹತ್ತು ಮೆಣಸಿನಕಾಯಿ ತೊಳೆದು, ಹನಿ ನೀರೂ ಇರದಂತೆ ಒರೆಸಿರಿ. ತೊಟ್ಟು ಬಿಟ್ಟು ಉದ್ದಕ್ಕೆ ಒಂದು ಬದಿ ಸೀಳಿ. ಮಕ್ಕಳಿಗಾದರೆ ಬಿಳಿಯ ತಿರುಳನ್ನು ತೆಗೆದುಬಿಡಿ. ಗಟ್ಟಿ ಹುಣಸೆ ರಸ, ಅದಕ್ಕೆ ಸಮನಾಗಿ ಬೆಲ್ಲ, ಉಪ್ಪು, ಜೀರಿಗೆ ಪುಡಿ, ಒಂದು ಚಮಚ ಪುಟಾಣಿ ಹಿಟ್ಟು ಕೂಡಿಸಿ ಒಳಗೆ ಸವರಿ. ಎರಡು ಬಟ್ಟಲು ಕಡಲೆಹಿಟ್ಟಿಗೆ ಉಪ್ಪು, ಅಜವಾನ, ಚಿಟಿಕೆ ಸೋಡಾ ಹಾಕಿ, ಸುಮಾರು ಒಂದೂಕಾಲು ಬಟ್ಟಲು ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಕಲಸಿ. ಹಿಟ್ಟು ಕಾಯಿಗೆ ಅಂಟಿ ನಿಲ್ಲಬೇಕು, ಜಾರಬಾರದು. ಸೋಡಾ ಬಿಸಿಗೆ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಭಜಿ ಉಬ್ಬುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನ ವಾಸನೆ ಬರುತ್ತದೆ, ಎಣ್ಣೆಯನ್ನೂ ಹೆಚ್ಚು ಹೀರುತ್ತದೆ. ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟರೆ ಅದು ತಳ ಮುಟ್ಟಿ ಕೂಡಲೇ ಮೇಲೆ ಬರಬೇಕು. ಅದು ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖ.

ಗಿರಮಿಟ್ಟಿಗೆ ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಹಸಿಮೆಣಸು, ಕರಿಬೇವು, ಟೊಮೆಟೊ ಬಾಡಿಸಿ, ಅರಿಶಿನ, ಉಪ್ಪು, ಹುಣಸೆ ರಸ, ಬೆಲ್ಲ ಹಾಕಿ ಗಟ್ಟಿಯಾಗುವಂತೆ ಕುದಿಸಿ ಆರಿಸಿಡಿ. ಅತಿಥಿಗಳು ಕುಳಿತ ಮೇಲೆಯೇ ಚುರಮರಿ, ಪುಟಾಣಿ ಹಿಟ್ಟು ಸೇರಿಸಿ ಕಲಸಬೇಕು. ಚುರಮರಿಯ ಮೈಯೆಲ್ಲ ಗಾಳಿ ತುಂಬಿದ ಗೂಡು. ಹಸಿ ಸೇರಿದ ಕೆಲವೇ ನಿಮಿಷಗಳಲ್ಲಿ ಅದು ಮೆತ್ತಗಾಗುತ್ತದೆ. ಪುಟಾಣಿ ಹಿಟ್ಟು ಒಂದಿಷ್ಟು ಹಸಿ ಹೀರಿ ಅದನ್ನು ಕಾಯುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ ಕೊಡಿ.

ಎರಡು ಎಚ್ಚರಿಕೆಯ ಮಾತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಇವುಗಳ ಮಟ್ಟ ಶೇಕಡಾ 25ನ್ನು ಮೀರಿದ ಎಣ್ಣೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲ. ಆದ್ದರಿಂದ ಬಣ್ಣ ಕಪ್ಪಾಗಿ ನೊರೆ ಬಂದ ಎಣ್ಣೆಯನ್ನು ಚೆಲ್ಲುವುದೇ ಜಾಣತನ. ಇನ್ನೊಂದು, ಪತ್ರಿಕೆಯ ಹಾಳೆಯಲ್ಲಿ ಭಜಿ ಕಟ್ಟಬೇಡಿ. ಶಾಯಿ ಬಿಸಿ ಎಣ್ಣೆಗೆ ಅಂಟುತ್ತದೆ. ಈ ಪುರವಣಿಯನ್ನೂ ಓದಿ ಮುಗಿಸಿ ಮಡಚಿಡಿ, ಭಜಿಗೆ ಬಾಳೆಲೆ ಅಥವಾ ತಟ್ಟೆ ಇರಲಿ.

ಖಾರ ನೆತ್ತಿಗೇರಿದರೆ ನೀರು ಕುಡಿದು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಒಂದು ಬಟ್ಟಲು ಮೊಸರು ಬಳಿಯಲ್ಲಿರಲಿ. ಈ ಕಡೆ ಬರುವುದಾದರೆ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಆಗ ಕಡಲೆ ಹೊಲಗಳು ಹಸಿರಾಗಿರುತ್ತವೆ, ಬಾಣಲೆಯ ಬದಿಗೆ ನಿಲ್ಲಲು ಹಿತವಾದ ಚಳಿಯೂ ಇರುತ್ತದೆ.