ಹೊರಗೆ ಹೋಗುವ ಬಿಸಿ

ಬಟ್ಟೆ ಒಣಗಿಸಿದ ಬಿಸಿಗಾಳಿಯನ್ನು ಗೋಡೆಗೆ ತೂತು ಕೊರೆದು ಹೊರಗೆ ಬಿಡುವುದೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮಿಷಿಗನ್ನಿನ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲೆಂದೇ ಇಷ್ಟು ಬಿಲ್ಲು ಕಟ್ಟುತ್ತೇವೆ, ಕರೆಂಟು ಸುಟ್ಟು ಕಾಯಿಸಿದ ಗಾಳಿಯನ್ನು ಹಿಮದ ಮೇಲೆ ಊದಬೇಕೆ? ಮನೆಯ ಹಿಂದಿನ ಮಾಲೀಕರು ಡ್ರೈಯರಿನ ಕೊಳವೆಯನ್ನು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಕ್ಕೆ ಸಿಕ್ಕಿಸಿದ್ದರು. ಬಟ್ಟೆಯಿಂದ ಉದುರಿದ ಜುಂಗು ನೀರಿನಲ್ಲಿ ನಿಲ್ಲುತ್ತದೆ, ಶಾಖ ಬೇಸ್‌ಮೆಂಟಿನಲ್ಲೇ ಉಳಿಯುತ್ತದೆ. ಗ್ಯಾಸಿನ ಡ್ರೈಯರ್ ಆಗಿದ್ದರೆ ಕಾರ್ಬನ್ ಮಾನಾಕ್ಸೈಡಿನ ಭಯಕ್ಕಾದರೂ ಆ ಡಬ್ಬ ಕಿತ್ತುಹಾಕುತ್ತಿದ್ದೆ. ನಮ್ಮದು ಕರೆಂಟಿನದು. ಹಾಗೇ ಬಿಟ್ಟೆ.

ಈ ಲೆಕ್ಕಾಚಾರ ಎಲ್ಲಿಂದ ಬಂತೆಂದು ಗೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ಬಟ್ಟೆ ಒಣಗುತ್ತಿದ್ದದ್ದು ಬಚ್ಚಲೊಲೆಯ ಮೇಲೆ ಕಟ್ಟಿದ ಗಳುವಿನಲ್ಲಿ. ಹಂಡೆ ಕಾಯಿಸಿದ ಬೆಂಕಿಯೇ ಬಟ್ಟೆಯನ್ನೂ ಒಣಗಿಸಬೇಕು. ಅದು ಜಾಣತನವೆಂದು ಈಗಲೂ ನಂಬುತ್ತೇನೆ. ಆದರೆ ಅಲ್ಲಿ ಹೆಂಚಿನ ಸಂದಿಯಲ್ಲಿ ಹಬೆ, ಹೊಗೆ ಎರಡೂ ತಾವಾಗಿಯೇ ಹೊರಟುಹೋಗುತ್ತಿದ್ದವು. ಇಲ್ಲಿಯ ಮನೆಗೆ ಚಳಿಗಾಲದಲ್ಲಿ ಸಂದಿಯೇ ಇರುವುದಿಲ್ಲ. ಬಟ್ಟೆಯಿಂದ ಎದ್ದ ನೀರೆಲ್ಲ ತಣ್ಣನೆಯ ಕಿಟಕಿ ಗಾಜಿನ ಮೇಲೆ ಕೂತು, ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ.

ಬೆಳಿಗ್ಗೆ ಎದ್ದು ಆ ಗಾಜು ಒರೆಸುತ್ತಿದ್ದವಳು ನನ್ನ ಹೆಂಡತಿ. ಬಚ್ಚಲ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಟ್ಟೆ ಮಗುಚಿ ಹಾಕುತ್ತಿದ್ದವಳು ಅಮ್ಮ. ಸೌದೆ ಉಳಿಯಿತು ಎನ್ನುತ್ತಿದ್ದವರು ಅಪ್ಪ. ನನ್ನ ಮಿತವ್ಯಯದ ಹೆಮ್ಮೆಯನ್ನು ಬಿಚ್ಚಿ ನೋಡಿದರೆ ಸಿಗುವುದು ಇಷ್ಟು: ಉಳಿದ ಹಣವನ್ನು ನಾನು ಎಣಿಸುತ್ತೇನೆ, ಅದಕ್ಕಾಗಿ ಇನ್ನೊಬ್ಬರು ಬಗ್ಗಿ ಎದ್ದದ್ದನ್ನು ಎಣಿಸುವುದೇ ಇಲ್ಲ. ಬರೆಯುವಾಗಲೂ ಇದು ಚುಚ್ಚುತ್ತದೆ.

ಕೊನೆಗೆ ಆ ಡಬ್ಬ ತೆಗೆದು, ಗೋಡೆ ಕೊರೆದು ಬಿಸಿಗಾಳಿಯನ್ನು ಹೊರಗೇ ಬಿಟ್ಟೆ. ಕೆಲಸ ಕಷ್ಟದ್ದಲ್ಲ, ಆದರೆ ಕಣ್ಣಿಟ್ಟು ಮಾಡಬೇಕಾದದ್ದು. ಬೇಸ್‌ಮೆಂಟಿನ ಕಾಂಕ್ರೀಟ್ ಗೋಡೆಯ ನೆತ್ತಿಯಲ್ಲಿ, ನೆಲದ ತೊಲೆಗಳ ತುದಿಗೆ ಒಂದು ಮರದ ಹಲಗೆ ಓಡಿರುತ್ತದೆ. 4 ಇಂಚಿನ ಕೊಳವೆಗೆ ಅಲ್ಲಿ ನಾಲ್ಕೂಕಾಲು ಇಂಚಿನ ತೂತು, ಮಳೆನೀರು ಒಳಗೆ ಬಾರದಂತೆ ಹೊರಕ್ಕೆ ತುಸು ಇಳಿಜಾರು. ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಕೊಳವೆ ಬೇಡ, ನುಣುಪಾದ ತಗಡಿನದೇ ಬೇಕು. ಒಂದು ತುಂಡು ಇನ್ನೊಂದರೊಳಗೆ ಗಾಳಿ ಸಾಗುವ ದಿಕ್ಕಿಗೇ ಸೇರಬೇಕು, ಸಂದಿಗೆ ಫಾಯಿಲ್ ಟೇಪು ಸುತ್ತಬೇಕು. ಉದ್ದನೆಯ ಸ್ಕ್ರೂ ಒಳಗೆ ಚಾಚಿದರೆ ಹಿಂಜಿದ ಹತ್ತಿಯಂಥ ಜುಂಗು ಅದಕ್ಕೇ ಸಿಕ್ಕಿ ಗಂಟಾಗುತ್ತದೆ. ಸಾಮಾನ್ಯ ನಿಯಮದಂತೆ ಕೊಳವೆ 35 ಅಡಿ ದಾಟಬಾರದು, 90 ಡಿಗ್ರಿಯ ಒಂದೊಂದು ತಿರುವಿಗೂ ಅದರಲ್ಲಿ 5 ಅಡಿ ಕಳೆಯಬೇಕು. ಹೊರಬಾಯಿಗೆ ಜಾಲರಿ ಹಾಕುವಂತಿಲ್ಲ, ಗಾಳಿ ನಿಂತೊಡನೆ ತಾನೇ ಮುಚ್ಚಿಕೊಳ್ಳುವ ರೆಕ್ಕೆ ಸಾಕು. ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅನಾಹುತಗಳು ವರದಿಯಾಗುತ್ತವೆ. ಮೊದಲ ಕಾರಣ ಶುಚಿ ಮಾಡದಿರುವುದು. ನಮ್ಮಲ್ಲಿ ಪ್ರತಿ ಸಲವೂ ಜುಂಗಿನ ಜರಡಿ ಎಳೆದು ಬಳಿದು ಇಡುತ್ತಿದ್ದವಳೂ ನನ್ನ ಹೆಂಡತಿಯೇ. ಅದೂ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಕಿಟಕಿ ಈಗ ಒಣಗಿರುತ್ತದೆ. ಆದರೂ ಹೊರಗೆ ಹೋದಾಗ ಆ ರೆಕ್ಕೆಯ ಕೆಳಗೆ ಕೈಯೊಡ್ಡಿ, ಎಷ್ಟು ಬಿಸಿ ಹೋಗುತ್ತಿದೆ ಎಂದು ನೋಡುತ್ತೇನೆ. ಆ ಸಂಕಟ ಹೋಗಿಲ್ಲ.

ಮೊನ್ನೆ ಅವಳು ಕೇಳಿದಳು, "ರೀ, ಒಗ್ಗರಣೆ ಘಾಟೂ ಹೀಗೇ ಹೊರಗೆ ಹೋಗೋ ಹಾಗೆ ಮಾಡಬಹುದಾ?" ನಮ್ಮ ಒಲೆಯ ಮೇಲಿನ ಫ್ಯಾನು ಘಾಟನ್ನು ಸೋಸಿ ಮತ್ತೆ ಅವಳ ಮುಖಕ್ಕೇ ಬಿಡುವಂಥದ್ದು. ಅಲ್ಲಿಯದು ಇಟ್ಟಿಗೆ ಗೋಡೆ, ಎಷ್ಟು ಖರ್ಚಾದೀತು ಎಂಬುದೇ ನನಗೆ ಮೊದಲು ಹೊಳೆದದ್ದು. ಅದನ್ನು ಹೇಳಲಿಲ್ಲ. ಗೋಡೆ ಅಳೆದಿದ್ದೇನೆ, ಇಟ್ಟಿಗೆ ಕೊರೆಯುವ ಯಂತ್ರವನ್ನು ಬಾಡಿಗೆಗೆ ತರಬೇಕು.