ಗಾಡ್ಜಿಲ್ಲಾನ ಪಾದಪರೀಕ್ಷೆ

ಗಾಡ್ಜಿಲ್ಲಾ ಗೊಂಬೆ ಕೈಗೆ ಬಂದರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ಬಾಯಿ ಎಷ್ಟು ತೆರೆದಿದೆ, ಹಲ್ಲು ಎಷ್ಟು ಚೂಪಾಗಿವೆ, ಕಣ್ಣಲ್ಲಿ ಸಿಟ್ಟಿದೆಯೋ ಇಲ್ಲವೋ. ನಾನು ಅದನ್ನು ಮಗುಚಿ ಪಾದ ನೋಡುತ್ತೇನೆ. ಮೊನ್ನೆ ಟೋಕಿಯೋದಿಂದ ರಜೆಗೆ ಬಂದ ತಂಗಿಯ ಮಗ ಒಂದು ಗೊಂಬೆ ತಂದುಕೊಟ್ಟು, "ಮಾವ, ಹೇಗಿದೆ ಹೇಳಿ" ಎಂದಾಗಲೂ ಅದನ್ನೇ ಮಾಡಿದೆ. ಕಾಫಿ ತಂದ ನನ್ನ ಹೆಂಡತಿ ಅಲ್ಲೇ ನಿಂತು ನೋಡಿದಳು. "ಇಷ್ಟು ವರ್ಷ ಸಂಸಾರ ಮಾಡಿದ್ರೂ ನೀವು ಯಾರ ಕಾಲೂ ಹಿಡಿದವರಲ್ಲ. ಈಗ ಒಂದು ಹಲ್ಲಿಯ ಕಾಲು ಹಿಡ್ಕೊಂಡು ಕೂತಿದ್ದೀರಲ್ಲ" ಎಂದಳು.

ಹಿಡಿಯುವುದಕ್ಕೆ ಕಾರಣವಿದೆ. ಗೊಂಬೆಯ ಜಾತಕ ಇರುವುದೇ ಅಲ್ಲಿ. ಗಾಡ್ಜಿಲ್ಲಾ ಚಿತ್ರ ತೆಗೆದ ತೋಹೊ ಕಂಪನಿಯ ಹಕ್ಕಿನ ಮುದ್ರೆಯನ್ನು ಸಾಮಾನ್ಯವಾಗಿ ಅಂಗಾಲಿನಲ್ಲೋ ಬಾಲದ ಅಡಿಯಲ್ಲೋ ಒತ್ತಿರುತ್ತಾರೆ. ಬೆರಳುಗಳನ್ನೂ ಎಣಿಸಬೇಕು. 1954ರ ಮೊದಲ ಚಿತ್ರದಲ್ಲಿ ಗಾಡ್ಜಿಲ್ಲಾನ ಪಾದಕ್ಕೆ ನಾಲ್ಕು ಬೆರಳು, ತಲೆಯ ಪಕ್ಕ ಪುಟ್ಟ ಕಿವಿ. 1962ರಲ್ಲಿ ಕಿಂಗ್ ಕಾಂಗ್ ಜೊತೆ ಕುಸ್ತಿಗೆ ಇಳಿಯುವ ಹೊತ್ತಿಗೆ ಬೆರಳು ಮೂರಾಗಿ, ಕಿವಿ ಮಾಯವಾಗಿತ್ತು. ಡಬ್ಬಿಯ ಮೇಲೆ 1954 ಎಂದು ಬರೆದು ಒಳಗೆ ಮೂರು ಬೆರಳಿನವನನ್ನು ಕೂರಿಸಿದ್ದರೆ, ಮಾಡಿದವರು ಸಿನಿಮಾ ನೋಡಿಲ್ಲ ಎಂದೇ ಅರ್ಥ. ಹಸಿರು ಬಣ್ಣ ಬಳಿದಿದ್ದರೂ ಅಷ್ಟೇ. ಆ ಚಿತ್ರ ಕಪ್ಪುಬಿಳುಪು, ವೇಷದ ಬಣ್ಣ ಇದ್ದಿಲಿನದು. ಹಸಿರು ಬಂದದ್ದು ಆಮೇಲಿನವರ ಕೈಚಳಕ.

ಆಮೇಲೆ ಚರ್ಮ. ಬೆರಳಿಟ್ಟು ಸವರಬೇಕು. ಹಲ್ಲಿಯ ಹಾಗೆ ಹುರುಪೆ ಹುರುಪೆಯಾಗಿದ್ದರೆ ಅದು ತಪ್ಪು. ಅದು ಸುಟ್ಟು ವಾಸಿಯಾದ ಗಾಯದ ಹಾಗೆ ಗಂಟುಗಂಟಾಗಿರಬೇಕು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಅದರ ಬೂದಿ ಜಪಾನಿನ ಒಂದು ಮೀನುದೋಣಿಯ ಮೇಲೆ ಬಿತ್ತು. ದೋಣಿಯ ಹೆಸರು ಡಾಯ್‌ಗೊ ಫುಕುರ್ಯು ಮಾರು, ಅದರಲ್ಲಿದ್ದವರು 23 ಜನ. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಶಿರೊ ಹೋಂಡಾ ನಿರ್ದೇಶಿಸಿದ ಚಿತ್ರ ನವೆಂಬರ್ 3ಕ್ಕೆ ತೆರೆಗೆ ಬಂತು. ಚಿತ್ರ ಶುರುವಾಗುವುದೇ ಸಮುದ್ರದಲ್ಲಿ ಬೆಳಕೊಂದು ಮಿಂಚಿ ಹಡಗು ಮುಳುಗುವುದರಿಂದ. ನೋಡುವವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಗಾಡ್ಜಿಲ್ಲಾನ ಚರ್ಮಕ್ಕೆ ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ಮೈಮೇಲಿನ ಗಾಯದ ಗಂಟುಗಳೇ ಮಾದರಿ. ಅದನ್ನು ತಿಳಿದ ಮೇಲೆ ನುಣುಪು ಮೈಯ ಗಾಡ್ಜಿಲ್ಲಾ ನನ್ನ ಕೈಯಲ್ಲಿ ನಿಲ್ಲುವುದಿಲ್ಲ.

ಆದರೂ ನನ್ನ ಮುಖ್ಯ ಪರೀಕ್ಷೆ ಇವು ಯಾವುವೂ ಅಲ್ಲ. ಗೊಂಬೆಯೊಳಗೆ ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ, ಅದು.

ನಾನು ಬೆಳೆದದ್ದು ಕರಾವಳಿಯಲ್ಲಿ, ಮೇಳಗಳು ಗದ್ದೆಗೆ ಬಂದು ಡೇರೆ ಹಾಕುತ್ತಿದ್ದ ಕಾಲದಲ್ಲಿ. ಯಕ್ಷಗಾನದ ಬಣ್ಣದ ವೇಷ ದೊಂದಿಯ ಬೆಳಕಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತ ಬಂದರೆ ಮಕ್ಕಳೆಲ್ಲ ಅಮ್ಮಂದಿರ ಸೆರಗಿನೊಳಗೆ. ಅದೇ ರಾಕ್ಷಸ ಬಣ್ಣ ಹಚ್ಚುವ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು, ಕೆನ್ನೆಯ ಚಿಟ್ಟಿ ಹಾಗೇ ಇರುವಾಗ ಬೀಡಿ ಹಚ್ಚಿ ನೀರು ಕೇಳಿದ್ದನ್ನು ಕಂಡಿದ್ದೇನೆ. ಭಯ ಕಡಿಮೆಯಾಗಲಿಲ್ಲ. ಮರುದಿನದ ಆಟದಲ್ಲಿ ಇನ್ನೂ ಜಾಸ್ತಿಯಾಯಿತು, ಜೊತೆಗೆ ಪಾಪ ಎಂದೂ ಅನ್ನಿಸಿತು. ಆ ಭಾರ ಹೊತ್ತು ಕುಣಿಯುವವನು ನಮ್ಮ ಹಾಗೆ ಎರಡು ಕಾಲಿನವನೇ ತಾನೆ.

ಗಾಡ್ಜಿಲ್ಲಾನ ಒಳಗಿದ್ದವನು ಹರುವೊ ನಕಜಿಮ. ಕುರೊಸಾವಾರ 'ಸೆವೆನ್ ಸಮುರಾಯ್' ಬಂದದ್ದೂ ಅದೇ ವರ್ಷ, ಅದೇ ತೋಹೊ ಕಂಪನಿಯಿಂದ. ಅದರಲ್ಲಿ ಡಕಾಯಿತರ ಗುಂಪಿನಲ್ಲಿ ಒಬ್ಬ ಈತ. ಮೊದಲು ತಯಾರಾದ ರಬ್ಬರಿನ ವೇಷ ನೂರು ಕಿಲೋದಷ್ಟು ಭಾರವಿತ್ತಂತೆ. ಹಾಕಿಕೊಂಡವನಿಗೆ ಸರಿಯಾಗಿ ಹೆಜ್ಜೆ ಎತ್ತಲೂ ಆಗುತ್ತಿರಲಿಲ್ಲ. ಕಡೆಗೆ ಅದನ್ನು ಸೊಂಟಕ್ಕೆ ಕತ್ತರಿಸಿ, ಕಾಲು ಮಾತ್ರ ಕಾಣಬೇಕಾದ ದೃಶ್ಯಗಳಿಗೆ ಕೆಳಗಿನ ಅರ್ಧವನ್ನು ಬಳಸಿದರು. ಉಳಿದದ್ದಕ್ಕೆ ಹಗುರವಾದ ಇನ್ನೊಂದು ವೇಷ ಬಂತು. ನಕಜಿಮ ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳು ಹೇಗೆ ಹೆಜ್ಜೆ ಇಡುತ್ತವೆ ಎಂದು ನೋಡಿಕೊಂಡು ಬಂದರು. ವೇಷ ಬಿಚ್ಚಿದಾಗ ಒಳಗಿನ ಬೆವರನ್ನು ಸುರಿದು ಚೆಲ್ಲುತ್ತಿದ್ದರಂತೆ. ತಂತ್ರದೃಶ್ಯಗಳ ಹೊಣೆ ಹೊತ್ತಿದ್ದ ಎಯ್ಜಿ ತ್ಸುಬುರಾಯ ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ, ತೆರೆಯ ಮೇಲೆ ಮಾಮೂಲಿ ವೇಗಕ್ಕೆ ಇಳಿಸಿದರು. ಮನುಷ್ಯನ ಹೆಜ್ಜೆಗೆ ಬೆಟ್ಟದ ತೂಕ ಬಂತು. 1972ರವರೆಗೂ ನಕಜಿಮ ಆ ವೇಷ ಹೊತ್ತರು.

ಹಾಗಾಗಿ ಗೊಂಬೆಯ ಅಳತೆಯ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಬೇಕು. ಕಥೆಯಲ್ಲಿ ಆ ಮೊದಲ ಗಾಡ್ಜಿಲ್ಲಾ 50 ಮೀಟರ್ ಎತ್ತರ, ಆಗಿನ ಟೋಕಿಯೋದ ಕಟ್ಟಡಗಳ ಮೇಲಿಂದ ತಲೆ ಕಾಣುವಷ್ಟು. ಊರು ಬೆಳೆದಂತೆ ಅವನೂ ಬೆಳೆದು 1984ಕ್ಕೆ 80 ಮೀಟರ್, 1991ಕ್ಕೆ 100 ಮೀಟರ್ ಆದ. ಸೋದರಳಿಯ ತಂದದ್ದು ಸುಮಾರು 16 ಸೆಂಟಿಮೀಟರಿನದು. 50 ಮೀಟರಿನ ಪ್ರಾಣಿಯ ಲೆಕ್ಕದಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲಿನಷ್ಟು ಕೂಡ ಆಗುವುದಿಲ್ಲ. ಎರಡು ಮೀಟರಿನ ವೇಷದ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು. ಎರಡನೆಯದೇ ಸರಿಯಾದ ಲೆಕ್ಕ ಎಂದು ನನ್ನ ವಾದ. ನಮ್ಮ ಕೈಯಲ್ಲಿರುವುದು ದೈತ್ಯನ ಪ್ರತಿಮೆಯಲ್ಲ, ದೈತ್ಯನ ವೇಷ ಹೊತ್ತು ಬೆವರಿದವನ ಪ್ರತಿಮೆ. ತೊಡೆ ದಪ್ಪಗಿರಬೇಕು, ಮೊಣಕಾಲು ಮನುಷ್ಯನ ಮೊಣಕಾಲು ಇರುವ ಕಡೆಯೇ ಮಡಿಯಬೇಕು, ಬಾಲ ಹಿಂದಕ್ಕೆ ಜಗ್ಗುವಂತಿದ್ದು ಮೈ ಅದಕ್ಕೆ ಎದುರಾಗಿ ಮುಂದಕ್ಕೆ ಬಾಗಿರಬೇಕು.

1998ರ ಅಮೆರಿಕನ್ ಗಾಡ್ಜಿಲ್ಲಾವನ್ನು ಬೆಂಗಳೂರಿನ ಥಿಯೇಟರಿನಲ್ಲಿ ಸಂಭ್ರಮದಿಂದ ನೋಡಲು ಹೋಗಿ ಸಪ್ಪೆ ಮುಖ ಹಾಕಿಕೊಂಡು ಬಂದದ್ದು ಇದಕ್ಕೇ. ಅದು ಓಡುತ್ತದೆ, ನೆಗೆಯುತ್ತದೆ. ಭಾರ ಹೊತ್ತದ್ದು ಮಾತ್ರ ಕಾಣುವುದಿಲ್ಲ. ತೋಹೊದವರೂ ಮುಂದೆ ಅದನ್ನು ಬರೀ 'ಜಿಲ್ಲಾ' ಎಂದು ಕರೆದು ಬೇರೆ ಸಾಲಿನಲ್ಲಿ ಕೂರಿಸಿದರು. ಇನ್ನು ಎಪ್ಪತ್ತರ ದಶಕದಲ್ಲಿ ಮ್ಯಾಟೆಲ್ ಕಂಪನಿ ಮಾಡಿದ ಗೊಂಬೆಯ ಮುಷ್ಟಿ ಹಾರಿಹೋಗುತ್ತಿತ್ತು, ಬಾಯಿಂದ ಬೆಂಕಿಯ ನಾಲಿಗೆ ಚಾಚುತ್ತಿತ್ತು. ಮುಷ್ಟಿ ಯಾಕೆ ಹಾರಬೇಕು ಎಂದು ಕೇಳಬಾರದು. ಮಕ್ಕಳಿಗೆ ಅದು ಬೇಕಿತ್ತು.

ಸೋದರಳಿಯನ ಗೊಂಬೆ ಮೆತ್ತನೆ ವಿನೈಲಿನದು. ಬಿಸಿ ಮಾಡಿದ ಲೋಹದ ಅಚ್ಚಿಗೆ ದ್ರವ ಸುರಿದು, ಗೋಡೆಗೆ ಅಂಟಿದಷ್ಟು ಗಟ್ಟಿಯಾದ ಮೇಲೆ ಉಳಿದದ್ದನ್ನು ಬಗ್ಗಿಸಿ, ಇನ್ನೂ ಬಿಸಿಯಿರುವಾಗಲೇ ಎಳೆದು ತೆಗೆಯುವ ವಿಧಾನ. ಒಳಗೆ ಟೊಳ್ಳು. ಜಪಾನಿನಲ್ಲಿ ಮರುಸಾನ್ ಕಂಪನಿ ಅರವತ್ತರ ದಶಕದಲ್ಲೇ ಇಂಥ ಗಾಡ್ಜಿಲ್ಲಾಗಳನ್ನು ಮಾರುತ್ತಿತ್ತು. ಈಗಿನ ಹೊಸ ಮಾದರಿಗಳಲ್ಲಿ ಕುತ್ತಿಗೆ, ಬಾಲ, ಬೆರಳಿನವರೆಗೂ ಕೀಲುಗಳಿವೆ. ಬೇಕಾದ ಭಂಗಿಗೆ ತಿರುಗಿಸಬಹುದು. ಆದರೆ ಪ್ರತಿ ಕೀಲಿನಲ್ಲೂ ಚರ್ಮ ಸೀಳುತ್ತದೆ. ವೇಷ ಎಂದರೆ ಒಂದೇ ತೊಗಲು ಎಂದು ನಂಬಿದವನಿಗೆ ಅದು ಕಣ್ಣಿಗೆ ಚುಚ್ಚುತ್ತದೆ.

ನಮ್ಮ ಹವೆಗೆ ವಿನೈಲ್ ಅಷ್ಟೇನೂ ಒಗ್ಗುವುದಿಲ್ಲ. ಮೃದುವಾಗಿರಲೆಂದು ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ ಹೊರಗೆ ಒಸರಿ ಮೈ ಜಿಗಟಾಗುತ್ತದೆ, ಧೂಳು ಕೂರುತ್ತದೆ. ಸೌಮ್ಯ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬೇಸಗೆಯಲ್ಲಿ ಕಣಕಾಲು ಸೋತು ಮುಂದಕ್ಕೆ ವಾಲಿದರೆ ಬಿಸಿನೀರಲ್ಲಿ ಅದ್ದಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಿಡಿದರೆ ಸರಿಹೋಗುತ್ತದೆ. ನನ್ನ ಹಳೆಯ ಒಂದು ಗೊಂಬೆಗೆ ಈ ಚಿಕಿತ್ಸೆ ಮಾಡುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ನನ್ನ ಕಾಲಿಗೂ ಹೀಗೇ ಮಾಡೋ" ಎಂದಿದ್ದರು. ದಸರಾ ಗೊಂಬೆಗಳ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳಿಂದ ತಕ್ಕಷ್ಟು ದೂರ, ಶೆಟ್ಟಿ ಶೆಟ್ಟಿಯಮ್ಮನ ಅಂಗಡಿಯ ಪಕ್ಕ ಅದಕ್ಕೆ ಜಾಗ ಕೊಟ್ಟವರೂ ಅವರೇ. ಕುಂಕುಮಕ್ಕೆ ಬಂದ ಹೆಂಗಸರು ಕೇಳಿದರೆ "ಜಪಾನಿನ ರಾಕ್ಷಸ, ಸಾಧು" ಎನ್ನುತ್ತಿದ್ದರು.

ಹೊಸ ಗೊಂಬೆಯ ತೀರ್ಪು ಹೇಳಿಬಿಡುತ್ತೇನೆ. ಬೆರಳು ನಾಲ್ಕು, ಕಿವಿ ಇದೆ, ಚರ್ಮ ಚೆನ್ನಾಗಿದೆ. ಬೆನ್ನಿನ ಫಲಕಗಳ ತುದಿಗೆ ಬಿಳಿ ಬಣ್ಣ ತುಸು ಜಾಸ್ತಿಯಾಗಿದೆ, ಎಡಗಣ್ಣಿನ ಪಾಪೆ ಜರುಗಿದೆ. ಮೇಜಿನ ಮೇಲೆ ಆಧಾರವಿಲ್ಲದೆ, ಎರಡು ಕಾಲು ಮತ್ತು ಬಾಲದ ಮೇಲೆ ಭಾರ ಹಂಚಿಕೊಂಡು ನಿಂತಿದೆ. ಒಳಗೆ ನಕಜಿಮ ಇದ್ದಾರೆ. ಸಂಗ್ರಹಕಾರರ ಲೆಕ್ಕದಲ್ಲಿ ಡಬ್ಬಿ ಒಡೆದ ಗೊಂಬೆಗೆ ಬೆಲೆ ಇಳಿಯುತ್ತದೆ. ನಾನು ಒಡೆದಾಗಿದೆ. ಮಾರುವುದಿಲ್ಲ.