ಸುರಂಗದಲ್ಲಿ ಸೆರಗಿನ ಆಟ

ದಸರಾ ರಜೆಗೆ ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟ ಸಂಸಾರವೊಂದು ಮಗುವಿಗೆಂದೇ ಒಂದು ಚೀಲ ತುಂಬಿಕೊಂಡಿತ್ತು. ಕೀಲಿ ಕೊಟ್ಟರೆ ಓಡುವ ಕಾರು, ಗಿಲಕಿ, ಚಿತ್ರದ ಪುಸ್ತಕ, ಎರಡು ಪೊಟ್ಟಣ ಬಿಸ್ಕತ್ತು. ಮಗುವಿಗೆ ಎರಡು ವರ್ಷ. ಬೆಳಿಗ್ಗೆ ಯಶವಂತಪುರ ಬಿಟ್ಟ ರೈಲು ಕುಣಿಗಲ್ ದಾಟುವುದರೊಳಗೆ ಕಾರು ಸೀಟಿನಡಿ ಸೇರಿತ್ತು, ಪುಸ್ತಕದ ಆನೆ ಎರಡು ತುಂಡಾಗಿತ್ತು. ಹಾಸನದಲ್ಲಿ ಅಪ್ಪ ಸೋತು ಮೊಬೈಲನ್ನು ಕೈಗಿತ್ತ.

ಸಕಲೇಶಪುರದಿಂದ ಮುಂದೆ ಕಥೆಯೇ ಬೇರೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಮೀಟರ್ ಸಾಗಿದರೆ 1 ಮೀಟರ್ ಇಳಿಯುವ ಜಾಡು, ರೈಲಿನ ಮಟ್ಟಿಗೆ ಕಡಿದೇ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗ ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಗಾಡಿ ಸೈಕಲ್ಲಿನ ಗತಿಯಲ್ಲಿ ಇಳಿಯುತ್ತದೆ, ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಕಣಿವೆ, ಮಂಜು, ಬಂಡೆಯ ಮೇಲಿಂದ ಜಾರುವ ನೀರು, ಎಲ್ಲ ದೊಡ್ಡವರ ಹಬ್ಬ. ಕೈಗೆಟುಕದ ಗುಡ್ಡವನ್ನು ಕಟ್ಟಿಕೊಂಡು ಎರಡು ವರ್ಷದ ಮಗುವಿಗೆ ಆಗಬೇಕಾದ್ದೇನು?

ಮೊದಲ ಸುರಂಗ ಬಂದದ್ದೇ ತಡ, ಬಾಗಿಲ ಬಳಿಯ ಹುಡುಗರ ಗುಂಪು 'ಹೋ' ಎಂದು ಕೂಗಿತು. ಈ ಕೂಗು ಘಟ್ಟದ ಸಂಪ್ರದಾಯವೇ ಆಗಿಬಿಟ್ಟಿದೆ. ಮಲಗಿದ ಹಸುಗೂಸುಗಳ ಯೋಚನೆ ಯಾರಿಗೂ ಇಲ್ಲ. ಮಗು ಬೆಚ್ಚಿ, ಉಸಿರು ಕಟ್ಟುವಂತೆ ಅಳತೊಡಗಿತು. ಅದೇ ಹೊತ್ತಿಗೆ ಸಿಗ್ನಲ್ ಹೋಗಿ ಮೊಬೈಲಿನ ಹಾಡೂ ನಿಂತಿತು. ಇಳಿದುಬಿಡೋಣವೆಂದರೆ ಸುತ್ತ ಕಾಡು. ಸುರಂಗ ಇನ್ನೂ 56 ಬಾಕಿ!

"ಅತ್ತೆ, ಸ್ವಲ್ಪ ನೀವು ಎತ್ಕೊಳ್ಳಿ, ನನ್ನ ಕೈಲಾಗೋಲ್ಲ" ಎಂದಳು ತಾಯಿ.

ಅಜ್ಜಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುಂದಿನ ಕತ್ತಲೆಗೆ ತಮ್ಮ ಮುಖಕ್ಕೆ ಸೆರಗು ಮುಚ್ಚಿದರು. "ಅಜ್ಜಿ ಎಲ್ಲಿ ಪುಟ್ಟಿ?" ಬೆಳಕು ಬಂದೊಡನೆ ಸೆರಗು ಸರಿಸಿ, "ಇಲ್ಲಿ!" ಎರಡು ಸುರಂಗ ಅಳುವಿನಲ್ಲೇ ಹೋಯಿತು. ಮೂರನೆಯದರಲ್ಲಿ ಅಳು ಬಿಕ್ಕಾಯಿತು. ಆಮೇಲೆ ಸೆರಗು ಎಳೆಯುವ ಕೆಲಸವನ್ನು ಮಗುವೇ ವಹಿಸಿಕೊಂಡಿತು.

ಮರೆಯಾದದ್ದು ಇಲ್ಲವಾಗಿಲ್ಲ ಎಂಬ ತಿಳಿವಳಿಕೆ ಮಗುವಿಗೆ ಹುಟ್ಟಿನಿಂದ ಬರುವುದಲ್ಲ, ತಿಂಗಳುಗಳ ಮೇಲೆ ಬಲಿಯುವಂಥದ್ದು ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಮಕ್ಕಳನ್ನೇ ಗಮನಿಸಿ ಬರೆದರು. ಎರಡು ವರ್ಷಕ್ಕೆ ಅದು ಗಟ್ಟಿಯಾಗಿರುತ್ತದೆ. ಅಜ್ಜಿ ಬಂದೇ ಬರುತ್ತಾಳೆಂಬ ನಂಬಿಕೆಯೇ ಆಟದ ಸುಖ. ಪಿಯಾಜೆಯ ಹೆಸರನ್ನು ಅಜ್ಜಿ ಕೇಳಿದವರಲ್ಲ.

ಮಳೆಯಿಂದಾಗಿ ಕಿಟಕಿಗೆ ಗಾಜು ಇಳಿಸಿತ್ತು. ಅದು ಇನ್ನೊಂದು ಆಟ ತಂದಿತು. ಸುರಂಗದಲ್ಲಿ ಡಬ್ಬಿಯ ದೀಪಕ್ಕೆ ಗಾಜಿನಲ್ಲಿ ಮಗುವಿನ ಮುಖವೇ ಮೂಡುತ್ತಿತ್ತು. ಬೆಳಕು ಬಂದರೆ ಮಾಯ. ಆ ಪ್ರತಿಬಿಂಬ ಹಗಲಲ್ಲೂ ಇರುತ್ತದೆ. ಹೊರಗಿನ ಬೆಳಕಿನ ಮುಂದೆ ಕಾಣುವುದಿಲ್ಲ, ಅಷ್ಟೆ. ಮಗು ಗಾಜಿನೊಳಗಿನ ಪುಟ್ಟಿಗೂ ಬಿಸ್ಕತ್ತು ಕೊಟ್ಟಿತು. ಗಾಜು ಇಳಿಸಿದ್ದು ಒಳ್ಳೆಯದೇ. ಸುರಂಗದ ಗೋಡೆ ಕಿಟಕಿಗೆ ತೀರ ಹತ್ತಿರ. ಮಕ್ಕಳ ಕೈ ಹೊರಗೆ ಹೋಗಲೇಬಾರದು. ಕಿಟಕಿಯ ಬಾಗಿಲು ಮೇಲೆತ್ತಿಟ್ಟಿದ್ದರೆ ಚಿಲಕ ಸರಿಯಾಗಿ ಬಿದ್ದಿದೆಯೇ ನೋಡಬೇಕು. ಜಾರಿದರೆ ಎಳೆಯ ಬೆರಳು ಉಳಿಯದು.

ಎಲ್ಲ ಸುರಂಗವೂ ನಗುತ್ತ ಕಳೆಯಲಿಲ್ಲ. ಎಡಕುಮೇರಿಯ ಬಳಿ ನಿದ್ದೆ ಹೋದ ಮಗು ಎದ್ದು ಕಾರಣವಿಲ್ಲದೆ ರಂಪ ಮಾಡಿತು. ಅಜ್ಜಿಯ ಸೆರಗಿನ ತುಂಬ ಬಿಸ್ಕತ್ತಿನ ಎಂಜಲು.

ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು ಜೀಪು ಹಿಡಿದರು. ದಾರಿಯ ಮರಗಳ ದಟ್ಟ ನೆರಳು ಜೀಪಿನೊಳಗೆ ಬಿದ್ದಾಗ ಮಗು ಅಜ್ಜಿಯ ಸೆರಗು ಜಗ್ಗಿ ತನ್ನ ಮುಖ ಮುಚ್ಚಿಕೊಂಡು ಕಾಯತೊಡಗಿತು.